ಪರದೆ ಒಡೆದ ಲ್ಯಾಪ್‌ಟಾಪ್‌ನಿಂದ ಕಡತಗಳನ್ನು ಹೊರತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಪ್‌ಟಾಪಿನ ಪರದೆ ಒಡೆದ ಕೂಡಲೇ ಹೆಚ್ಚಿನವರು ಹುಡುಕುವುದು ಸ್ಕ್ರೂಡ್ರೈವರನ್ನು, ಇಲ್ಲವೇ ರಿಪೇರಿ ಅಂಗಡಿಯನ್ನು. ಸದ್ಯಕ್ಕೆ ಎರಡೂ ಬೇಡ. ಕಡತಗಳಿರುವುದು ಡಿಸ್ಕಿನಲ್ಲಿ, ಪರದೆ ಒಡೆದ ಮಾತ್ರಕ್ಕೆ ಅವುಗಳಿಗೆ ಏನೂ ಆಗುವುದಿಲ್ಲ. ಆದರೆ ಈಚಿನ ಯಂತ್ರಗಳಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗ ಬಿದ್ದಿರುವುದೇ ಹೆಚ್ಚು. ಆದ್ದರಿಂದ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸುವುದಕ್ಕಿಂತ, ಅದೇ ಲ್ಯಾಪ್‌ಟಾಪಿಗೆ ಬೇರೊಂದು ಪರದೆ ಜೋಡಿಸಿ, ಮಾಮೂಲಿನಂತೆ ಒಳಹೊಕ್ಕು ಕಡತಗಳನ್ನು ನಕಲು ಮಾಡಿಕೊಳ್ಳುವುದೇ ಸುರಕ್ಷಿತ. ಕೆಳಗಿನ ಉತ್ತರಗಳು ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು. ಮ್ಯಾಕ್ ಬಗ್ಗೆ ಬೇರೆಯಾಗಿ ಹೇಳಿದೆ.

ಒಡೆದಿರುವುದು ಪರದೆ ಮಾತ್ರವೋ, ಒಳಗೂ ಪೆಟ್ಟು ಬಿದ್ದಿದೆಯೋ ತಿಳಿಯುವುದು ಹೇಗೆ?

ಲ್ಯಾಪ್‌ಟಾಪನ್ನು ಚಾಲೂ ಮಾಡಿ ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಕೀ ಒತ್ತಿ ನೋಡಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎಚ್ಚರವಾಗಿದೆ ಎಂದೇ ಅರ್ಥ. ಇನ್ನೊಂದು ಪರೀಕ್ಷೆಯೂ ಇದೆ: ವಿಂಡೋಸ್, ಕಂಟ್ರೋಲ್, ಶಿಫ್ಟ್ ಈ ಮೂರು ಕೀಗಳನ್ನು ಹಿಡಿದುಕೊಂಡು ಬಿ ಒತ್ತಿದರೆ ವಿಂಡೋಸ್ ತನ್ನ ಗ್ರಾಫಿಕ್ಸ್ ವ್ಯವಸ್ಥೆಯನ್ನು ಮತ್ತೆ ಆರಂಭಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಒಂದು ಚಿಕ್ಕ 'ಬೀಪ್' ಕೇಳಿಸುತ್ತದೆ.

ಪರದೆ ಒಡೆಯದೆ ಬರೀ ಕಪ್ಪಾಗಿದ್ದರೆ, ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಐಕಾನುಗಳು ಮಸುಕಾಗಿ ಕಂಡರೆ ಹಿಂಬದಿಯ ಬೆಳಕು ಮಾತ್ರ ಹೋಗಿದೆ, ಚಿತ್ರ ಮೂಡಿಸುವ ಭಾಗ ಸರಿಯಾಗಿಯೇ ಇದೆ. ಗಾಜು ಬಿರಿದು ಒಳಗಿನ ದ್ರವ ಶಾಯಿಯಂತೆ ಹರಡಿದ್ದರೆ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಗಾಜಿನ ಚೂರು ಕೈಗೆ ಚುಚ್ಚದಂತೆ ಅಗಲವಾದ ಪಾರದರ್ಶಕ ಟೇಪನ್ನು ಅಂಟಿಸಿ ಮುಂದುವರಿಯಿರಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನಿಮ್ಮದು ತಿರುಗುವ ತಟ್ಟೆಗಳಿರುವ ಹಳೆಯ ಬಗೆಯ ಹಾರ್ಡ್‌ಡಿಸ್ಕ್ ಆಗಿದ್ದು, ಲ್ಯಾಪ್‌ಟಾಪ್ ಕೆಳಗೆ ಬಿದ್ದ ಮೇಲೆ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ತಕ್ಷಣ ಆರಿಸಿ. ಅದು ಪರದೆಯ ತೊಂದರೆಯಲ್ಲ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ತಟ್ಟೆಯ ಮೇಲ್ಮೈ ಕೆಡುತ್ತಾ ಹೋಗುತ್ತದೆ. ಅಂಥದನ್ನು ಡೇಟಾ ರಿಕವರಿ ಮಾಡುವವರಿಗೇ ಒಪ್ಪಿಸಬೇಕು.

ಮನೆಯ ಟಿವಿಗೆ ಜೋಡಿಸಬಹುದೇ? ಯಾವ ಕೇಬಲ್ ಬೇಕು?

ಜೋಡಿಸಬಹುದು, ಮತ್ತು ಬಹುತೇಕ ಮನೆಗಳಲ್ಲಿ ಇದೇ ಅತ್ಯಂತ ಸುಲಭದ ದಾರಿ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೆ ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಹೋಗಿರುವ ಕೇಬಲನ್ನೇ ಬಿಚ್ಚಿ ತಂದು ಸಿಕ್ಕಿಸಬಹುದು. ಬಳಿಕ ಟಿವಿಯ ರಿಮೋಟಿನಲ್ಲಿ ಸರಿಯಾದ ಎಚ್‌ಡಿಎಂಐ ಇನ್‌ಪುಟ್ ಆರಿಸಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ 15 ರಂಧ್ರಗಳ ನೀಲಿ ವಿಜಿಎ ಕಿಂಡಿ ಇರುತ್ತದೆ, ಅದಕ್ಕೆ ವಿಜಿಎ ಇರುವ ಮಾನಿಟರ್ ಬೇಕು. ತೆಳು ಲ್ಯಾಪ್‌ಟಾಪುಗಳಲ್ಲಿ ಟೈಪ್-ಸಿ ಕಿಂಡಿ ಮಾತ್ರ ಇದ್ದರೆ ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಬೇಕಾಗುತ್ತದೆ. ಆದರೆ ಎಲ್ಲ ಟೈಪ್-ಸಿ ಕಿಂಡಿಗಳೂ ಚಿತ್ರವನ್ನು ಹೊರಗೆ ಕಳಿಸುವುದಿಲ್ಲ. ಕೆಲವು ಬರೀ ಚಾರ್ಜಿಂಗ್ ಮತ್ತು ಡೇಟಾಗಷ್ಟೇ ಇರುತ್ತವೆ. ಅಡಾಪ್ಟರಿಗೆ ಹಣ ಕೊಡುವ ಮೊದಲು ನಿಮ್ಮ ಮಾದರಿಯ ವಿವರದಲ್ಲಿ ಡಿಸ್‌ಪ್ಲೇಪೋರ್ಟ್ ಅಥವಾ ಥಂಡರ್‌ಬೋಲ್ಟ್ ಸೌಲಭ್ಯ ಇದೆಯೇ ಎಂದು ಓದಿ ನೋಡಿ.

ಕೇಬಲ್ ಹಾಕಿದೆ. ಟಿವಿಯಲ್ಲಿ ಏನೂ ಇಲ್ಲ, ಅಥವಾ ಹಿನ್ನೆಲೆಯ ಚಿತ್ರವೊಂದೇ ಕಾಣುತ್ತಿದೆ. ಏಕೆ?

ಒಡೆದ ಪರದೆ ಇನ್ನೂ ಚೆನ್ನಾಗಿದೆ ಎಂದೇ ವಿಂಡೋಸ್ ನಂಬಿರುತ್ತದೆ. ಹೀಗಾಗಿ ಅದು ಎಲ್ಲವನ್ನೂ ಆ ಪರದೆಯ ಮೇಲೆಯೇ ತೋರಿಸುತ್ತಿರಬಹುದು, ಇಲ್ಲವೇ ಎರಡನ್ನೂ ಸೇರಿಸಿ ಒಂದು ಅಗಲವಾದ ಮೇಜಿನಂತೆ ಬಳಸುತ್ತಾ ನಿಮ್ಮ ಟಿವಿಯನ್ನು ಅದರ ಖಾಲಿ ಬದಿಯಾಗಿ ಇಟ್ಟುಕೊಂಡಿರಬಹುದು. ಬರೀ ಹಿನ್ನೆಲೆ ಚಿತ್ರ ಕಾಣುವುದು ಈ ಎರಡನೆಯ ಸ್ಥಿತಿಯಲ್ಲಿ.

ವಿಂಡೋಸ್ ಕೀ ಹಿಡಿದುಕೊಂಡು ಪಿ ಒತ್ತಿದರೆ ಆಯ್ಕೆಯ ಪಟ್ಟಿ ತೆರೆಯುತ್ತದೆ. ಅದರಲ್ಲಿ ಮೇಲಿನಿಂದ ಕೆಳಕ್ಕೆ ನಾಲ್ಕು ಆಯ್ಕೆಗಳಿವೆ: ಲ್ಯಾಪ್‌ಟಾಪ್ ಪರದೆ ಮಾತ್ರ, ಎರಡರಲ್ಲೂ ಒಂದೇ ಚಿತ್ರ, ಎರಡಕ್ಕೂ ಹಂಚಿಕೆ, ಹೊರಗಿನ ಪರದೆ ಮಾತ್ರ. ಪಟ್ಟಿ ಒಡೆದ ಪರದೆಯ ಮೇಲೆ ತೆರೆಯುವುದರಿಂದ ಕಣ್ಣಿಗೆ ಕಾಣದೆಯೇ ಕೆಲಸ ಮಾಡಬೇಕು. ಕೆಳಮುಖದ ಬಾಣದ ಕೀಯನ್ನು ಒಂದು ಸಲ ಒತ್ತಿ, ಎಂಟರ್ ಕೊಟ್ಟು, ಐದಾರು ಸೆಕೆಂಡ್ ಟಿವಿಯನ್ನು ನೋಡುತ್ತಾ ಕಾಯಿರಿ. ಚಿತ್ರ ಬರದಿದ್ದರೆ ವಿಂಡೋಸ್ ಮತ್ತು ಪಿಯಿಂದ ಮತ್ತೆ ಆರಂಭಿಸಿ. ಅವಸರದಲ್ಲಿ ಕೀಗಳನ್ನು ಬಡಿಯುತ್ತಾ ಹೋದರೆ ಸರಿಯಾದ ಆಯ್ಕೆ ಬಂದು ಹೋದದ್ದೂ ಗೊತ್ತಾಗುವುದಿಲ್ಲ, ಏಕೆಂದರೆ ಟಿವಿಗಳು ಹೊಸ ಸಂಕೇತವನ್ನು ಗುರುತಿಸಲು ತುಸು ಹೊತ್ತು ತೆಗೆದುಕೊಳ್ಳುತ್ತವೆ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ, ಕಂಪನಿಗೆ ತಕ್ಕಂತೆ ಎಫ್4, ಎಫ್7 ಅಥವಾ ಎಫ್8ರ ಮೇಲೆ ಪರದೆಯ ಚಿತ್ರವಿದ್ದರೆ ಅದರಿಂದಲೂ ಇದೇ ಕೆಲಸವಾಗುತ್ತದೆ.

ತೆರೆದ ಕಿಟಕಿಯೊಂದು ಒಡೆದ ಪರದೆಯ ಕಡೆಗೆ ಹೋಗಿ ಸೇರಿಕೊಂಡರೆ ವಿಂಡೋಸ್ ಮತ್ತು ಶಿಫ್ಟ್ ಹಿಡಿದು ಎಡ ಅಥವಾ ಬಲ ಬಾಣ ಒತ್ತಿ. ಅದು ಈಚೆ ಬರುತ್ತದೆ. ಇನ್ನು, ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಬೇಡಿ. ಮುಚ್ಚಿದರೆ ನಿದ್ರೆಗೆ ಜಾರುವಂತೆಯೇ ಹೆಚ್ಚಿನ ಯಂತ್ರಗಳನ್ನು ಹೊಂದಿಸಿರುತ್ತಾರೆ, ಮತ್ತು ಅರ್ಧದಷ್ಟು ನಕಲಾದ ಕಡತ ಅಲ್ಲಿಗೇ ನಿಲ್ಲುತ್ತದೆ.

ಟಿವಿ, ಮಾನಿಟರ್ ಎರಡೂ ಇಲ್ಲ. ಇನ್ನೊಂದು ಲ್ಯಾಪ್‌ಟಾಪ್ ಇದೆ. ಎರಡರ ನಡುವೆ ಎಚ್‌ಡಿಎಂಐ ಕೇಬಲ್ ಹಾಕಿದರೆ ಸಾಲದೇ?

ಸಾಲದು. ಸಾಮಾನ್ಯ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಯಿಂದ ಚಿತ್ರ ಹೊರಗೆ ಹೋಗುತ್ತದೆಯೇ ವಿನಾ ಒಳಗೆ ಬರುವುದಿಲ್ಲ. ಆದರೆ ಎಚ್‌ಡಿಎಂಐ ವಿಡಿಯೊ ಕ್ಯಾಪ್ಚರ್ ಎಂಬ ಬೆರಳುದ್ದದ ಸಾಧನ ಸಿಗುತ್ತದೆ. ಅದರ ಒಂದು ಬದಿಗೆ ಒಡೆದ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕೇಬಲ್, ಇನ್ನೊಂದು ಬದಿ ಎರಡನೆಯ ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ. ಎರಡನೆಯ ಲ್ಯಾಪ್‌ಟಾಪ್ ಅದನ್ನು ವೆಬ್‌ಕ್ಯಾಮ್ ಎಂದೇ ತಿಳಿಯುತ್ತದೆ; ಕ್ಯಾಮೆರಾ ಆ್ಯಪ್ ತೆರೆದು ಕ್ಯಾಮೆರಾ ಬದಲಿಸಿದರೆ ಒಡೆದ ಲ್ಯಾಪ್‌ಟಾಪಿನ ಪರದೆ ಅದರಲ್ಲಿ ಕಾಣುತ್ತದೆ. ಚಿತ್ರ ತುಸು ತಡವಾಗಿ ಬರುತ್ತದೆ, ಕಡತ ನಕಲು ಮಾಡಲು ಅದೇನೂ ಅಡ್ಡಿಯಲ್ಲ. ಬಾಡಿಗೆ ಕೋಣೆಯಲ್ಲಿ, ಹಾಸ್ಟೆಲಿನಲ್ಲಿ ಇರುವವರಿಗೆ ಈ ಸಾಧನವನ್ನೇ ನಾನು ಮೊದಲು ಸೂಚಿಸುತ್ತೇನೆ.

ಎರಡೂ ತುದಿಯಲ್ಲಿ ಚಪ್ಪಟೆ ಯುಎಸ್‌ಬಿ ಇರುವ ಮಾಮೂಲಿ ಕೇಬಲಿನಿಂದ ಎರಡು ಲ್ಯಾಪ್‌ಟಾಪುಗಳನ್ನು ನೇರವಾಗಿ ಜೋಡಿಸಲು ಮಾತ್ರ ಹೋಗಬೇಡಿ. ಎರಡೂ ಕಡೆಯಿಂದ ವಿದ್ಯುತ್ ಹರಿದು ಕಿಂಡಿ ಸುಟ್ಟುಹೋಗುವ ಸಾಧ್ಯತೆ ಇದೆ; ಕಡತವಂತೂ ಬರುವುದಿಲ್ಲ.

ಪಾಸ್‌ವರ್ಡನ್ನು ಕಾಣದೆಯೇ ಹೊಡೆಯಬೇಕಾಗಿದೆ. ತೆಗೆದುಕೊಳ್ಳುತ್ತಲೇ ಇಲ್ಲ.

ಬೆರಳಚ್ಚಿನಿಂದ ತೆರೆಯುವ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ. ಇಲ್ಲವಾದರೆ ಸ್ಪೇಸ್ ಒಂದು ಸಲ ಒತ್ತಿ, ಒಂದೆರಡು ಸೆಕೆಂಡ್ ಬಿಟ್ಟು ಪಾಸ್‌ವರ್ಡ್ ಹೊಡೆದು ಎಂಟರ್ ಕೊಡಿ. ಕ್ಯಾಪ್ಸ್ ಲಾಕ್ ದೀಪ ಆರಿರಲಿ. ಪಿನ್ ಆಗಿದ್ದರೆ ಬಲಬದಿಯ ಅಂಕಿಗಳ ಬದಲು ಮೇಲಿನ ಸಾಲಿನ ಅಂಕಿಗಳನ್ನೇ ಬಳಸಿ, ಆಗ ನಮ್ ಲಾಕ್ ಗೊಂದಲ ಇರುವುದಿಲ್ಲ.

ಕನ್ನಡದಲ್ಲಿ ಬರೆಯುವವರ ಯಂತ್ರಗಳಲ್ಲಿ ಇನ್ನೊಂದು ತೊಡಕಿರುತ್ತದೆ. ವಿಂಡೋಸ್‌ನಲ್ಲೇ ಬರುವ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡಿದ್ದು, ಪ್ರವೇಶದ ಪರದೆಯಲ್ಲಿ ಅದೇ ಆಯ್ಕೆಯಾಗಿ ಉಳಿದಿದ್ದರೆ, ನೀವು ಇಂಗ್ಲಿಷ್ ಅಕ್ಷರ ಎಂದುಕೊಂಡು ಒತ್ತಿದ್ದೆಲ್ಲ ಕನ್ನಡದ ಅಕ್ಷರವಾಗಿ ಬೀಳುತ್ತದೆ. ಪಾಸ್‌ವರ್ಡ್ ಸರಿಯಿದ್ದೂ ಒಳಗೆ ಬಿಡುತ್ತಿಲ್ಲವಾದರೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಒಂದು ಸಲ ಒತ್ತಿ ಕೀಲಿಮಣೆ ಬದಲಿಸಿ ಪ್ರಯತ್ನಿಸಿ. ವಿಂಡೋಸ್, ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ನ್ಯಾರೇಟರ್ ಎಂಬ ಓದುಗ ತಂತ್ರಾಂಶ ಚಾಲೂ ಆಗಿ, ಪರದೆಯ ಮೇಲೆ ನೀವು ಎಲ್ಲಿದ್ದೀರಿ ಎಂಬುದನ್ನು ಗಟ್ಟಿಯಾಗಿ ಹೇಳುತ್ತದೆ. ಮತ್ತೆ ಅದೇ ಕೀಗಳನ್ನು ಒತ್ತಿದರೆ ನಿಲ್ಲುತ್ತದೆ.

ಹಾಗಾದರೆ ನ್ಯಾರೇಟರ್ ನೆರವಿನಿಂದಲೇ ಎಲ್ಲವನ್ನೂ ನಕಲು ಮಾಡಬಹುದಲ್ಲವೇ?

ಓದುಗ ತಂತ್ರಾಂಶವನ್ನು ದಿನವೂ ಬಳಸುವ ದೃಷ್ಟಿಹೀನರು ಇದನ್ನು ಸಲೀಸಾಗಿ ಮಾಡುತ್ತಾರೆ. ಅಭ್ಯಾಸವಿಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ. ಅಂದಾಜಿನಲ್ಲಿ ಕೀ ಒತ್ತುವಾಗ ನಕಲಿನ ಬದಲು ಕಟ್ ಆಗುವುದು, ಆಯ್ಕೆಯಾದ ಫೋಲ್ಡರ್ ಅಳಿಸಿಹೋಗುವುದು ಸುಲಭ.

ಟಚ್‌ಸ್ಕ್ರೀನ್ ಒಡೆದ ಮೇಲೆ ಮೌಸ್ ತಾನಾಗಿಯೇ ಎಲ್ಲೆಲ್ಲೋ ಒತ್ತುತ್ತಿದೆ. ಏನು ಮಾಡಲಿ?

ಒಡೆದ ಸ್ಪರ್ಶಪದರವು ಬೆರಳಿಲ್ಲದೆಯೇ ಬೆರಳು ಮುಟ್ಟಿದಂತೆ ಸಂಕೇತ ಕಳಿಸುತ್ತಿರುತ್ತದೆ. ಇದು ಅಪಾಯಕಾರಿ, ನಕಲು ನಡೆಯುತ್ತಿರುವಾಗ ಕಡತಗಳು ಬೇರೆ ಫೋಲ್ಡರಿಗೆ ಎಳೆದುಕೊಂಡು ಹೋಗಬಹುದು. ಹೊರಗಿನ ಪರದೆ ಬಂದ ಕೂಡಲೇ ವಿಂಡೋಸ್ ಮತ್ತು ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆದು, ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಎಂಬಲ್ಲಿ ಟಚ್ ಸ್ಕ್ರೀನ್ ಎಂದಿರುವುದನ್ನು ಡಿಸೇಬಲ್ ಮಾಡಿ. ಬೇರೆಲ್ಲ ಕೆಲಸ ಆಮೇಲೆ.

ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಬೇಗ ಮುಗಿಯುವುದಿಲ್ಲವೇ?

ಹತ್ತು ವರ್ಷ ಹಿಂದಿನ ಲ್ಯಾಪ್‌ಟಾಪ್ ಆಗಿದ್ದರೆ ಹೌದು ಎನ್ನಬಹುದಿತ್ತು. ಈಗ ಬಿಟ್‌ಲಾಕರ್ ಇದೆ, ಅಂದರೆ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಅನೇಕ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ, ಹೋಮ್ ಆವೃತ್ತಿಯಲ್ಲಿಯೂ, ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ಡಿಸ್ಕಿಗೆ ಬೀಗ ಬಿದ್ದಿರುತ್ತದೆ. 2024ರ 24ಎಚ್2 ಆವೃತ್ತಿಯ ನಂತರ ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಇದು ಇನ್ನೂ ಹೆಚ್ಚು. ಬಳಸುವವರಿಗೆ ಇದರ ಸುಳಿವೇ ಇರುವುದಿಲ್ಲ, ಏಕೆಂದರೆ ಬೀಗದ ಕೈ ಮದರ್‌ಬೋರ್ಡಿನ ಟಿಪಿಎಂ ಚಿಪ್‌ನಲ್ಲಿದ್ದು, ದಿನವೂ ತಾನಾಗಿಯೇ ತೆರೆದುಕೊಳ್ಳುತ್ತದೆ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದಾಗ ಆ ಚಿಪ್ ಜೊತೆಗೆ ಬರುವುದಿಲ್ಲ. ಆಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಡಿಸ್ಕನ್ನು ಓದಲು ಯಾವ ಅಂಗಡಿಯವರಿಂದಲೂ ಸಾಧ್ಯವಿಲ್ಲ, ಸಾಧ್ಯವೆಂದು ಹೇಳುವವರನ್ನು ನಂಬಬೇಡಿ.

ಈ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿಯೇ ಉಳಿದಿರುತ್ತದೆ. ಮೊಬೈಲಿನ ಬ್ರೌಸರಿನಲ್ಲಿ ಆ ಖಾತೆಗೆ ಹೋಗಿ, ಡಿವೈಸಸ್ ವಿಭಾಗದಲ್ಲಿ ನಿಮ್ಮ ಲ್ಯಾಪ್‌ಟಾಪಿನ ಹೆಸರಿನ ಕೆಳಗೆ ಬಿಟ್‌ಲಾಕರ್ ಕೀಗಳನ್ನು ನೋಡಬಹುದು. ಒಂದಕ್ಕಿಂತ ಹೆಚ್ಚು ಕೀಗಳಿದ್ದರೆ ಡಿಸ್ಕ್ ತೋರಿಸುವ ಕೀ ಐಡಿಯ ಮೊದಲ ಅಕ್ಷರಗಳನ್ನು ಹೋಲಿಸಿ ಸರಿಯಾದುದನ್ನು ಆರಿಸಿ. ಕಚೇರಿ ಅಥವಾ ಕಾಲೇಜು ಕೊಟ್ಟ ಲ್ಯಾಪ್‌ಟಾಪಿನ ಕೀ ಅಲ್ಲಿನ ಐಟಿ ವಿಭಾಗದವರ ಬಳಿ ಇರುತ್ತದೆ. ಅಂಥ ಲ್ಯಾಪ್‌ಟಾಪನ್ನು ನೀವಾಗಿ ಬಿಚ್ಚಲೂಬಾರದು. ಕೀ ಕೈಗೆ ಸಿಗುವವರೆಗೆ ಸ್ಕ್ರೂಡ್ರೈವರ್ ಮುಟ್ಟಬೇಡಿ ಎಂಬುದು ನನ್ನ ಖಚಿತ ಸಲಹೆ. ಬಿಚ್ಚಿಯಾಗಿದ್ದರೆ ಗಾಬರಿ ಬೇಡ: ಅದೇ ಡಿಸ್ಕನ್ನು ಅದೇ ಲ್ಯಾಪ್‌ಟಾಪಿಗೆ ಮರಳಿ ಕೂರಿಸಿದರೆ ಸಾಮಾನ್ಯವಾಗಿ ಮೊದಲಿನಂತೆ ತೆರೆಯುತ್ತದೆ.

ಮದರ್‌ಬೋರ್ಡೂ ಹೋಗಿದೆ, ಬಿಚ್ಚಲೇಬೇಕು. ಏನು ಕೊಳ್ಳಬೇಕು?

ಮೊದಲು ಬಿಚ್ಚಿ, ನೋಡಿ, ಆಮೇಲೆ ಕೊಳ್ಳಿ. ಇಸ್ಪೀಟು ಎಲೆಯ ಗಾತ್ರದ, 2.5 ಇಂಚಿನ ಡಿಸ್ಕ್ ಇದ್ದರೆ ಅದು ಸಾಟಾ ಬಗೆಯದು. ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಅಥವಾ ಡಿಸ್ಕನ್ನು ಒಳಗೆ ಕೂರಿಸುವ ಡಬ್ಬಿ (ಎನ್‌ಕ್ಲೋಷರ್) ಸಾಕು. ಬಬಲ್‌ಗಮ್ ಪಟ್ಟಿಯಂತೆ ಉದ್ದವಾಗಿರುವುದು ಎಂ.2 ಬಗೆಯದು, ಮತ್ತು ಗೊಂದಲವಿರುವುದು ಇದರಲ್ಲಿಯೇ. ನೋಡಲು ಒಂದೇ ತೆರನಾದ ಎಂ.2 ಪಟ್ಟಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಜಾತಿಗಳಿವೆ. ಒಂದರ ಡಬ್ಬಿ ಇನ್ನೊಂದಕ್ಕೆ ಆಗುವುದಿಲ್ಲ. ಚಿನ್ನದ ಬಣ್ಣದ ಹಲ್ಲುಗಳ ಸಾಲಿನಲ್ಲಿ ಎರಡು ಸೀಳಿದ್ದರೆ ಹೆಚ್ಚಾಗಿ ಸಾಟಾ, ಒಂದೇ ಸೀಳಿದ್ದರೆ ಹೆಚ್ಚಾಗಿ ಎನ್‌ವಿಎಂಇ. ಆದರೂ ಅಂಟಿಸಿರುವ ಚೀಟಿಯನ್ನು ಓದುವುದೇ ಸರಿ. ಎರಡನ್ನೂ ಓದುವ ಡಬ್ಬಿಗಳೂ ಸಿಗುತ್ತವೆ. ಬೆಂಗಳೂರಿನಲ್ಲಿರುವವರು ಡಿಸ್ಕನ್ನೇ ಜೇಬಿನಲ್ಲಿಟ್ಟುಕೊಂಡು, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌.ಪಿ. ರೋಡಿಗೆ ಹೋದರೆ ಅಂಗಡಿಯಲ್ಲಿಯೇ ಸಿಕ್ಕಿಸಿ ನೋಡಿ ತರಬಹುದು.

ಅಗ್ಗದ ಕೆಲವು ಲ್ಯಾಪ್‌ಟಾಪುಗಳಲ್ಲಿ ಇಎಂಎಂಸಿ ಎಂಬ ಸಂಗ್ರಹವನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅವುಗಳಲ್ಲಿ ಬಿಚ್ಚಲು ಏನೂ ಇಲ್ಲ. ಎಲ್ಲಕ್ಕೂ ಮೊದಲು ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿಯ ಸಂಪರ್ಕವನ್ನು ಕಳಚಿಯೇ ಡಿಸ್ಕಿಗೆ ಕೈ ಹಾಕಬೇಕು.

ಡಿಸ್ಕ್ ಜೋಡಿಸಿದಾಗ 'ಫಾರ್ಮ್ಯಾಟ್ ಮಾಡಿ' ಎನ್ನುತ್ತಿದೆ.

ಮಾಡಬೇಡಿ, ಕ್ಯಾನ್ಸಲ್ ಒತ್ತಿ. ತನಗೆ ಅರ್ಥವಾಗದ ವಿಭಾಗ ಕಂಡಾಗಲೆಲ್ಲ ವಿಂಡೋಸ್ ಹೀಗೆ ಕೇಳುತ್ತದೆ. ಉದಾಹರಣೆಗೆ ಡಿಸ್ಕಿನಲ್ಲಿ ಲಿನಕ್ಸ್ ಇದ್ದರೂ ಇದೇ ಮಾತು. ಫೋಲ್ಡರ್ ತೆರೆಯಲು ಅನುಮತಿಯಿಲ್ಲ ಎಂದರೆ ಅದು ಬೇರೆ ವಿಷಯ, ಅಲ್ಲಿ ಕಂಟಿನ್ಯೂ ಒತ್ತಿ ಕಾದರೆ ಸಾಕು.

ಏನೇನನ್ನು ನಕಲು ಮಾಡಿಕೊಳ್ಳಬೇಕು? ಡಾಕ್ಯುಮೆಂಟ್ಸ್ ಫೋಲ್ಡರ್ ಸಾಲದೇ?

ಜನ ತಪ್ಪುವುದು ಕೇಬಲಿನಲ್ಲಿ ಅಲ್ಲ, ಇಲ್ಲಿ. ಸಿ ಡ್ರೈವಿನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರನ್ನು ಇಡಿಯಾಗಿ ತೆಗೆದುಕೊಳ್ಳುವುದು ಒಳ್ಳೆಯದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವೂ ಅದರಲ್ಲಿರುತ್ತವೆ. ಮೈಕ್ರೋಸಾಫ್ಟ್‌ನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವ್ ಚಾಲೂ ಇದ್ದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಅದರೊಳಗೆ ಸೇರಿರಬಹುದು. ಹಾಗಿದ್ದಾಗ ಕಡತದ ಪಕ್ಕದಲ್ಲಿ ಮೋಡದ ಗುರುತಿದ್ದರೆ ಅದು ನಿಮ್ಮ ಡಿಸ್ಕಿನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇದೆ. ಅಂಥವನ್ನು ಅಂತರ್ಜಾಲದಲ್ಲಿ ಒನ್‌ಡ್ರೈವ್ ತೆರೆದು ಹೊಸ ಕಂಪ್ಯೂಟರಿಗೆ ನೇರವಾಗಿ ಇಳಿಸಿಕೊಳ್ಳಬಹುದು. ಈ ಪರೀಕ್ಷೆಯನ್ನು ಮೊಬೈಲಿನಲ್ಲಿ ಮೊದಲೇ ಮಾಡಿ ನೋಡಿ. ಬೇಕಾದ ಕಡತಗಳೆಲ್ಲ ಅಲ್ಲಿಯೇ ಸಿಕ್ಕಿದರೆ ಒಡೆದ ಲ್ಯಾಪ್‌ಟಾಪಿನ ಗೊಡವೆಯೇ ಬೇಡ.

ಕನ್ನಡದ ಬರವಣಿಗೆ ಇರುವವರು ಅಕ್ಷರಶೈಲಿಗಳನ್ನು ಮರೆಯಬಾರದು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ 'ನುಡಿ 01 ಇ', 'ಬಿಆರ್‌ಎಚ್ ಕನ್ನಡ' ಮೊದಲಾದ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ವರ್ಡ್ ಕಡತಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ, ಚುಕ್ಕೆ ಕೊಂಬುಗಳಿರುವ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿದೆ ಎಂದು ತಿಳಿದು ಅಳಿಸಿಬಿಟ್ಟವರುಂಟು. ಅದು ಕೆಟ್ಟಿರುವುದಿಲ್ಲ, ಆ ಅಕ್ಷರಶೈಲಿ ಅಲ್ಲಿಲ್ಲ, ಅಷ್ಟೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್‌ನಿಂದ ಅವುಗಳನ್ನೂ ತಂದು ಹೊಸದರಲ್ಲಿ ಸ್ಥಾಪಿಸಿ, ಬಿಡುವಾದಾಗ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಇಡುವವರಿಗೆ ಒಂದು ಮಾತು: ಕಂಪನಿಯ ಲೆಕ್ಕವಿರುವುದು ಬರೀ ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿ, ಮತ್ತು ಅವು ನಿಮ್ಮ ಹೆಸರಿನ ಫೋಲ್ಡರಿನಿಂದ ಹೊರಗೆ ಇರುತ್ತವೆ. ಟ್ಯಾಲಿಯನ್ನೇ ತೆರೆದು ಅದರ ಬ್ಯಾಕಪ್ ಆಯ್ಕೆಯಿಂದ ನಕಲು ತೆಗೆಯುವುದು ಉತ್ತಮ. ಔಟ್‌ಲುಕ್‌ನಲ್ಲಿ ಹಳೆಯ ಪತ್ರಗಳನ್ನು ಪಿಎಸ್‌ಟಿ ಕಡತವಾಗಿ ಉಳಿಸಿದ್ದರೆ ಅದನ್ನೂ ಹುಡುಕಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಫೋಲ್ಡರ್ ನಕಲು ಮಾಡಿದ ಮಾತ್ರಕ್ಕೆ ಬರುವುದಿಲ್ಲ, ಅವು ಆ ವಿಂಡೋಸ್ ಖಾತೆಗೆ ಅಂಟಿಕೊಂಡಿರುತ್ತವೆ. ಹೊರಗಿನ ಪರದೆಯಲ್ಲಿ ಬ್ರೌಸರನ್ನೇ ತೆರೆದು ಸಿಂಕ್ ಮಾಡಿ, ಇಲ್ಲವೇ ರಫ್ತು ಮಾಡಿಕೊಳ್ಳಿ. ಡಿಸ್ಕ್ ಬಿಚ್ಚುವುದಕ್ಕಿಂತ ಪರದೆ ಜೋಡಿಸುವುದೇ ಮೇಲು ಎನ್ನಲು ಇದು ಮತ್ತೊಂದು ಕಾರಣ.

ಪೆನ್‌ಡ್ರೈವಿಗೆ ದೊಡ್ಡ ವಿಡಿಯೊ ಹೋಗುತ್ತಿಲ್ಲ. ಜಾಗವಂತೂ ಇದೆ.

ಆ ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ. ಅದರಲ್ಲಿ ಒಂದೊಂದು ಕಡತ 4 ಜಿಬಿ ಮೀರುವಂತಿಲ್ಲ. ಪೆನ್‌ಡ್ರೈವ್ ಖಾಲಿಯಿದ್ದರೆ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ಕಡತಗಳು ಹೆಚ್ಚಿದ್ದರೆ ಎಕ್ಸ್‌ಟರ್ನಲ್ ಡಿಸ್ಕ್ ಬಳಸಿ, ಯುಎಸ್‌ಬಿ 3.0 ಕಿಂಡಿಗೇ ಹಾಕಿ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿಯಂತೆ ಹಿಡಿದರೂ 100 ಜಿಬಿಗೆ ಒಂದು ಗಂಟೆಯಷ್ಟು ಹಿಡಿಯುತ್ತದೆ, ಚಿಕ್ಕ ಫೋಟೊಗಳೇ ತುಂಬಿದ್ದರೆ ಇನ್ನೂ ಹೆಚ್ಚು. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಕಡತಗಳ ಸಂಖ್ಯೆಯನ್ನು ಹೋಲಿಸಿ, ಅಲ್ಲೊಂದು ಇಲ್ಲೊಂದು ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ವೈಫೈ ಮೂಲಕ ತೆಗೆಯಲು ಬರುವುದಿಲ್ಲವೇ?

ಫೋಲ್ಡರ್ ಹಂಚಿಕೆಯನ್ನೋ ದೂರದಿಂದ ಪ್ರವೇಶಿಸುವ ತಂತ್ರಾಂಶವನ್ನೋ ಪರದೆ ಒಡೆಯುವ ಮೊದಲೇ ಹೊಂದಿಸಿದ್ದರೆ ಬರುತ್ತದೆ. ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಹೋಮ್ ಆವೃತ್ತಿಯ ಯಂತ್ರದೊಳಗೆ ಬಿಡುವುದಿಲ್ಲ.

ಮ್ಯಾಕ್‌ಬುಕ್ ಆಗಿದ್ದರೆ?

2018ರ ನಂತರದ ಮ್ಯಾಕ್‌ಬುಕ್‌ಗಳಲ್ಲಿ ಸಂಗ್ರಹವನ್ನು ಬೋರ್ಡಿಗೆ ಬೆಸೆದು, ಭದ್ರತಾ ಚಿಪ್‌ನಿಂದ ಗೂಢಲಿಪಿಗೊಳಿಸಿರುವುದರಿಂದ ಬಿಚ್ಚುವ ಮಾತೇ ಇಲ್ಲ. ಚಾರ್ಜರ್, ಮಾನಿಟರ್, ಹೊರಗಿನ ಕೀಬೋರ್ಡ್ ಮತ್ತು ಮೌಸ್ ಜೋಡಿಸಿ ಮುಚ್ಚಳ ಮುಚ್ಚಿದರೆ ಎಲ್ಲವೂ ಮಾನಿಟರಿನ ಮೇಲೆ ಬರುತ್ತದೆ. ಈ ವಿಷಯದಲ್ಲಿ ಮ್ಯಾಕ್ ವಿಂಡೋಸ್‌ಗಿಂತ ಸರಳ. ಇಂಟೆಲ್ ಮ್ಯಾಕ್ ಆಗಿದ್ದು ಹತ್ತಿರದಲ್ಲಿ ಇನ್ನೊಂದು ಮ್ಯಾಕ್ ಇದ್ದರೆ, ಚಾಲೂ ಮಾಡುವಾಗ ಟಿ ಕೀ ಹಿಡಿದುಕೊಂಡು, ಸರಿಯಾದ ಕೇಬಲಿನಿಂದ ಅದನ್ನು ಎಕ್ಸ್‌ಟರ್ನಲ್ ಡಿಸ್ಕಿನಂತೆ ಬಳಸಬಹುದು. 2020ರಿಂದ ಬಂದ ಎಂ ಸರಣಿಯ ಚಿಪ್‌ಗಳಲ್ಲಿ ಈ ಟಿ ಕೀ ಉಪಾಯ ನಡೆಯುವುದಿಲ್ಲ.

ಅಂಗಡಿಗೆ ಕೊಡುವ ಮೊದಲು ಏನು ಮಾಡಬೇಕು?

ನಕಲು ಮುಗಿಯುವವರೆಗೆ ಕೊಡಬೇಡಿ. ಪರದೆ ಬದಲಿಸಲು ನಿಮ್ಮ ಪಾಸ್‌ವರ್ಡ್ ಬೇಕಾಗುವುದಿಲ್ಲ. ಹೊಸ ಪರದೆಯಲ್ಲಿ ಪ್ರವೇಶದ ಪುಟ ಸರಿಯಾಗಿ ಕಂಡರೆ ಅಷ್ಟರಿಂದಲೇ ಪರೀಕ್ಷೆ ಮುಗಿಯುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಇಲ್ಲದಿದ್ದರೆ ವಿಂಡೋಸ್ ಪಾಸ್‌ವರ್ಡ್ ಇದ್ದೂ ಇಲ್ಲದಂತೆಯೇ, ಡಿಸ್ಕ್ ಬಿಚ್ಚಿದ ಯಾರಾದರೂ ಓದಬಹುದು. ಅಂಥ ಲ್ಯಾಪ್‌ಟಾಪಿನಲ್ಲಿ ಆಧಾರ್, ಬ್ಯಾಂಕಿನ ದಾಖಲೆ, ಮನೆಯವರ ಫೋಟೊ ಇದ್ದರೆ ಡಿಸ್ಕನ್ನು ತೆಗೆದಿಟ್ಟುಕೊಂಡೇ ಕೊಡಿ. ಡಿಸ್ಕ್ ಇಲ್ಲದೆಯೂ ಕಂಪನಿಯ ಲಾಂಛನ ಮೂಡುತ್ತದೆ, ಪರದೆ ಸರಿಯಾಗಿದೆಯೇ ಎಂದು ನೋಡಲು ಅದು ಸಾಕು. ಪರದೆ ತರಿಸುವವರಿಗೆ ಲ್ಯಾಪ್‌ಟಾಪಿನ ಮಾದರಿಯ ಜೊತೆಗೆ ಹಳೆಯ ಪರದೆಯ ಹಿಂಬದಿಯಲ್ಲಿರುವ ಸಂಖ್ಯೆಯನ್ನೂ ಓದಿ ಹೇಳಲು ತಿಳಿಸಿ. ಒಂದೇ ಮಾದರಿಯಲ್ಲಿ 30 ಪಿನ್ನಿನವೂ 40 ಪಿನ್ನಿನವೂ ಇರುತ್ತವೆ.